ಎರಡು ವರ್ಷ ಫೋನಿನಲ್ಲೇ ಇದ್ದ ಬರಹ

ಅಪ್ಪ ತೀರಿಕೊಂಡ ಮೇಲೆ ನಾನೊಂದು ಬರಹ ಬರೆದೆ. ಎರಡು ಪುಟ ಕೂಡ ಇರಲಿಲ್ಲ. ಅದು ಎರಡು ವರ್ಷ ಫೋನಿನಲ್ಲೇ ಇತ್ತು. ರಾತ್ರಿ ತೆಗೆದು ಓದುವುದು, ಒಂದು ಪದ ಬದಲಾಯಿಸುವುದು, ಮತ್ತೆ ಮುಚ್ಚಿಡುವುದು. ಫೇಸ್‌ಬುಕ್‌ಗೆ ಹಾಕೋಣ ಅಂದುಕೊಂಡ ಕೂಡಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು.

ಯಾರ ಭಯ ಅಂದರೆ, ಮೊದಲು ನಮ್ಮ ಸಭೆಯವರದ್ದೇ, ಅಂದರೆ ನಮ್ಮ ಚರ್ಚಿನವರದ್ದೇ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವರೆಲ್ಲ ಮೂರು ರಾತ್ರಿ ನಮ್ಮ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡಿದರು. ಮೂರನೇ ರಾತ್ರಿ ಅಪ್ಪ ಉಳಿಯುತ್ತಾನೆ ಅಂತ ಎಲ್ಲರಿಗೂ ನಂಬಿಕೆ ಬಂದಿತ್ತು, ನನಗೂ. ಬೆಳಿಗ್ಗೆ ಅಪ್ಪ ಹೋದ. ನಾನು ಬರೆದದ್ದು ಇಷ್ಟೇ: ಆ ರಾತ್ರಿ ಯಾವ ಹಾಡು ಹಾಡಿದೆವು, ಚಾಪೆಯ ಮೇಲೆ ಯಾರ ಮಗು ಮಲಗಿತ್ತು, ಬೆಳಿಗ್ಗೆ ಫೋನ್ ಬಂದಾಗ ಮನೆ ಹೇಗಿತ್ತು. ಕೊನೆಯಲ್ಲಿ ಸಮಾಧಾನದ ಮಾತು ಇರಲಿಲ್ಲ, ಯಾಕೆಂದರೆ ನನಗೆ ಸಮಾಧಾನ ಆಗಿರಲಿಲ್ಲ.

ನಾವು ಚಿಕ್ಕಂದಿನಿಂದ ಕೇಳಿದ ಸಾಕ್ಷಿಗಳೆಲ್ಲ, ಅಂದರೆ ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಜನ ಸಭೆಯ ಮುಂದೆ ಹೇಳುವ ಮಾತುಗಳೆಲ್ಲ, ಒಂದೇ ದಾರಿಯಲ್ಲಿ ಹೋಗುತ್ತವೆ. ಕಷ್ಟ ಬಂತು, ಮೊಣಕಾಲೂರಿದೆವು, ದೇವರು ಬಿಡಿಸಿದರು, ಸ್ತೋತ್ರ. ಅವು ಸುಳ್ಳಲ್ಲ, ಎಷ್ಟೋ ಮನೆಗಳಲ್ಲಿ ಹಾಗೇ ಆಗಿದೆ. ನಮ್ಮ ಮನೆಯಲ್ಲಿ ಆಗಲಿಲ್ಲ. ಅದನ್ನು ನಾಲ್ಕು ಜನರ ಮುಂದೆ ಬರೆದರೆ ದೇವರ ಹೆಸರಿಗೆ ಕುಂದು ತಂದ ಹಾಗೆ ಆಗುತ್ತದಾ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಸತ್ಯವೇದದ, ಅಂದರೆ ಬೈಬಲ್ಲಿನ, 88ನೇ ಕೀರ್ತನೆಯಲ್ಲಿ. ಮುಂಚೆಯೂ ಓದಿದ್ದೆ, ಆದರೆ ಅದರ ಕೊನೆಯನ್ನು ಗಮನಿಸಿರಲಿಲ್ಲ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಬರುವಷ್ಟರಲ್ಲಿ ಸ್ತುತಿಯ ಕಡೆ ತಿರುಗುತ್ತವೆ, ಇದು ತಿರುಗುವುದೇ ಇಲ್ಲ, ಸ್ನೇಹಿತರೂ ದೂರವಾದರು ಅಂತ ಹೇಳಿ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅಂಥದ್ದನ್ನೂ ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಅವತ್ತು ನಾನು ತುಂಬಾ ಹೊತ್ತು ಅತ್ತೆ.

ಎರಡನೇ ಭಯ ಹೊರಗಿನವರದ್ದು. ಆಫೀಸಿನವರು, ಶಾಲೆಯ ಗೆಳತಿಯರು. ಯೇಸುವಿನ ಹೆಸರು ಬಂದ ಕೂಡಲೇ ಇದು ಮತಪ್ರಚಾರ ಅಂದುಕೊಂಡರೆ? ಈಗಿನ ದಿನಗಳಲ್ಲಿ ಇದು ಸುಮ್ನೆ ಹುಟ್ಟಿದ ಭಯ ಅಲ್ಲ. ಜೊತೆಗೆ ನಮ್ಮ ಭಾಷೆಯ ತೊಂದರೆ ಬೇರೆ. 'ಭಾರ ಬಂತು', 'ಕೂಟ', 'ರಕ್ಷಣೆ ಹೊಂದಿದಳು' – ಇವೆಲ್ಲ ನಮಗೆ ದಿನದ ಮಾತು, ಬೇರೆಯವರಿಗೆ ಅರ್ಥವೇ ಆಗುವುದಿಲ್ಲ. 'ಸಾಕ್ಷಿ' ಅಂದರೆ ಅವರಿಗೆ ಕೋರ್ಟ್ ನೆನಪಾಗುತ್ತದೆ. ಇದನ್ನು ಯೋಚಿಸುತ್ತಿರುವಾಗಲೇ ನನಗೆ ಒಂದು ವಿಷಯ ಹೊಳೆಯಿತು. ಕೋರ್ಟಿನಲ್ಲಿ ಸಾಕ್ಷಿ ತಾನು ಕಂಡದ್ದನ್ನಷ್ಟೇ ಹೇಳಬೇಕು. ತೀರ್ಪು ಕೊಡುವುದು ಅವನ ಕೆಲಸ ಅಲ್ಲ. ನಾನು ಇಷ್ಟು ದಿನ ತೀರ್ಪನ್ನೂ ನಾನೇ ಬರೆಯಬೇಕು ಅಂದುಕೊಂಡಿದ್ದೆ.

ನಮ್ಮ ಸೀಮೆಯ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಸಭಾಪಾಲಕರು, ಅಂದರೆ ಪಾದ್ರಿ, ಆಗಿದ್ದವರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಮಾಡಿಸಿದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2014ರ ಮಡಿಕೇರಿ ಸಮ್ಮೇಳನದ ಅಧ್ಯಕ್ಷರು ಸಾಗರದ ನಾ. ಡಿಸೋಜ, ಶರಾವತಿಯ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರ ಸಂಕಟವನ್ನು ಬರೆದವರು. ಕನ್ನಡದಲ್ಲಿ ಕ್ರೈಸ್ತರಾದ ನಮಗೆ ಜಾಗ ಇದೆಯಾ ಅಂತ ಅಳುಕುವಾಗ ನಾನು ಇವರಿಬ್ಬರನ್ನು ನೆನೆಯುತ್ತೇನೆ.

ಇಷ್ಟೆಲ್ಲ ಧೈರ್ಯ ಬಂದರೂ ಒಮ್ಮೆಲೇ ಎಲ್ಲರ ಮುಂದೆ ಇಡಲು ಆಗಲಿಲ್ಲ. ಮೊದಲು ದೊಡ್ಡವ್ವನಿಗೆ ಓದಿ ಹೇಳಿದೆ, ಹುಬ್ಬಳ್ಳಿಯಲ್ಲಿ, ಅವಳ ಅಡುಗೆಮನೆಯಲ್ಲಿ. ಕೊನೆಯ ರಾತ್ರಿ ಆಸ್ಪತ್ರೆಯಲ್ಲಿ ಅಪ್ಪನ ಹತ್ತಿರ ಇದ್ದವಳು ಅವಳೇ. ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಎಲ್ಲಾ ಬರದಿ. ಅವ ಚಹಾ ಕೇಳಿದ್ದು ಬರದಿಲ್ಲಲ್ಲ?"

ನನಗೆ ಅದು ಗೊತ್ತೇ ಇರಲಿಲ್ಲ.

"ನಸುಕಿನಾಗ ಒಂದು ಗುಟುಕು ಚಹಾ ಕೊಡು ಅಂದ. ಡಾಕ್ಟರು ಬ್ಯಾಡ ಅಂದಿದ್ರು, ನಾ ಕೊಡಲಿಲ್ಲ. ಅದು ಇನ್ನೂ ನನ್ನ ಮನಸ್ಸಿನಾಗ ಕುಂತೈತಿ."

ಎರಡು ವರ್ಷ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ನಾನು ಬರಹ ಮುಚ್ಚಿಟ್ಟುಕೊಂಡಿದ್ದೆ, ಅವಳು ಮಾತು ಮುಚ್ಚಿಟ್ಟುಕೊಂಡಿದ್ದಳು. ಇದನ್ನೂ ಬರೆಯಲಾ ಅಂತ ಕೇಳಿದೆ. "ಬರಿ, ನನ್ನ ಹೆಸರು ಹಾಕಬ್ಯಾಡ" ಅಂದಳು. ಚಹಾದ ಮಾತನ್ನು ಸೇರಿಸಿ, ಪ್ರಾರ್ಥನೆ ಮಾಡಿ, ಅವತ್ತೇ ರಾತ್ರಿ ಹಾಕಿಬಿಟ್ಟೆ.

ಮರುದಿನ ಸಭೆಯ ಹಿರಿಯರೊಬ್ಬರು ಫೋನ್ ಮಾಡಿದರು. ಕೊನೆಗೆ ದೇವರ ಚಿತ್ತ ಅಂತ ಒಂದು ಮಾತು ಸೇರಿಸಬಹುದಿತ್ತಲ್ಲ ತಂಗಿ ಅಂದರು. ನೋವಾಯಿತು. ಆದರೆ ನಾನು ಎರಡು ವರ್ಷ ಹೆದರಿದ್ದೆನಲ್ಲ, ಅದು ಇಷ್ಟೇ ಆಗಿತ್ತು, ಐದು ನಿಮಿಷದ ಫೋನು. ಅದೇ ವಾರ ಶಾಲೆಯ ಗೆಳತಿಯೊಬ್ಬಳು, ಲಿಂಗಾಯತರ ಮನೆಯವಳು, ತನ್ನ ಅವ್ವ ಹೋದ ದಿನದ ಬಗ್ಗೆ ನನಗೆ ಉದ್ದಕ್ಕೆ ಬರೆದು ಕಳಿಸಿದಳು. ಅವಳು ಮತದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಬೈಬಲ್ಲಿನ ಬಾರೂಕನ ಕಥೆ ಗೊತ್ತಲ್ವಾ? ಪ್ರವಾದಿ ಯೆರೆಮೀಯ ಹೇಳಿದ ಮಾತುಗಳನ್ನೆಲ್ಲ ಅವನು ಸುರುಳಿಯಲ್ಲಿ ಬರೆದಿದ್ದ. ರಾಜ ಯೆಹೋಯಾಕೀಮ ಚಳಿಗಾಲದ ಮನೆಯಲ್ಲಿ ಬೆಂಕಿಯ ಮುಂದೆ ಕೂತು, ಓದಿಸಿದಷ್ಟನ್ನು ಚಾಕುವಿನಿಂದ ಕೊಯ್ದು ಬೆಂಕಿಗೆ ಹಾಕಿದ. ಬಾರೂಕ ಇನ್ನೊಂದು ಸುರುಳಿ ತೆಗೆದುಕೊಂಡು ಅದನ್ನೆಲ್ಲ ಮತ್ತೆ ಬರೆದ. ಅಂಥದ್ದೇ ಇನ್ನೂ ಅನೇಕ ಮಾತುಗಳು ಅದರಲ್ಲಿ ಸೇರಿದವು ಅಂತಿದೆ. ಅದೇ ಬಾರೂಕನಿಗೆ ಯೆರೆಮೀಯನ ಪುಸ್ತಕದ 45ನೇ ಅಧ್ಯಾಯದಲ್ಲಿ, ನಿನಗಾಗಿ ದೊಡ್ಡದೇನನ್ನೂ ಬಯಸಬೇಡ ಅಂತ ದೇವರು ಹೇಳುತ್ತಾನೆ. ಲೈಕ್ ಎಷ್ಟು ಬಂತು ಅಂತ ಮತ್ತೆ ಮತ್ತೆ ನೋಡುವಾಗ ಆ ಮಾತು ನನ್ನನ್ನು ತಡೆಯುತ್ತದೆ.

ಒಂದು ಭಯವನ್ನು ಮಾತ್ರ ನಾನು ಬೇಕಂತಲೇ ಇಟ್ಟುಕೊಂಡಿದ್ದೇನೆ, ಬೇರೆಯವರ ಬದುಕನ್ನು ಅವರನ್ನು ಕೇಳದೆ ಹೊರಗೆ ಹಾಕುವ ಭಯ. ಈಗ ಅಣ್ಣನ ಬಗ್ಗೆ ಬರೆಯುತ್ತಿದ್ದೇನೆ. ಅಪ್ಪ ಹೋದ ಮೇಲೆ ಅವನು ಸಭೆಗೆ ಬರುವುದನ್ನು ಬಿಟ್ಟ. ಬರಹ ಮುಗಿದಿದೆ, ಆದರೆ ಅವನು ಕೇಳುವವರೆಗೆ ಅದು ಫೋನಿನಲ್ಲೇ ಇರುತ್ತದೆ. ಈ ಭಾನುವಾರ ಅವನಿಗೆ ಫೋನ್ ಮಾಡಿ ಓದಬೇಕು.