ಕನ್ನಡ ಹೋಗಿ ಕನ್ನಡಕವಾದದ್ದು

ಹನ್ನೊಂದು ವರ್ಷಗಳಿಂದ ವೆಬ್ ವಿನ್ಯಾಸ ಮಾಡಿಕೊಂಡು ಬಂದಿರುವ ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಅತ್ಯಂತ ಚಿಕ್ಕದು ಒಂದು 404 ಪುಟ, ಅಂದರೆ ಕೇಳಿದ ಪುಟ ತಾಣದಲ್ಲಿ ಇಲ್ಲದಿದ್ದಾಗ ಕಾಣಿಸುವ ಪುಟ. ಅತಿ ಹೆಚ್ಚು ಮುಜುಗರ ತಂದದ್ದೂ ಅದೇ. ನಾಲ್ಕು ತಿಂಗಳು ದುಡಿದು ತಾಣದ ಉಳಿದೆಲ್ಲ ಪುಟಗಳನ್ನು ಮುಗಿಸಿ, ಸ್ಪ್ರಿಂಟು, ಅಂದರೆ ಕೆಲಸದ ಆ ಕಂತು, ಮುಗಿಯಲು ಇನ್ನೆರಡೇ ದಿನ ಉಳಿದಿದ್ದಾಗ ಪ್ರಾಡಕ್ಟ್ ಮ್ಯಾನೇಜರರು ಒಂದು ಟಿಕೆಟ್ (ಕೆಲಸದ ಚೀಟಿ) ತೆರೆದು ನನ್ನ ಹೆಸರಿಗೆ ಹಾಕಿದರು. ಅದರಲ್ಲಿದ್ದದ್ದು ಒಂದೇ ವಾಕ್ಯ: "404 ಪುಟಕ್ಕೆ ಸ್ವಲ್ಪ ವ್ಯಕ್ತಿತ್ವ ಬರಲಿ." ವ್ಯಕ್ತಿತ್ವವನ್ನು ಕೆಲಸದ ಗಾತ್ರ ಅಳೆಯುವ ಸ್ಟೋರಿ ಪಾಯಿಂಟುಗಳಲ್ಲಿ ಎರಡಕ್ಕೆ ಅಂದಾಜು ಕಟ್ಟಿದವರು ಯಾರೆಂದು ನಾನು ಕೇಳಲು ಹೋಗಲಿಲ್ಲ.

ಉಪಾಯ ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಲ್ಲದ ಪುಟವನ್ನು ಹುಡುಕಿಕೊಂಡು ಬಂದವರನ್ನು ಹುಬ್ಬು ಬಿಗಿದು ನೋಡುವ ಮುಖವೊಂದು ಪರದೆಯ ನಡುವೆ ಇರಬೇಕು, ಅದು ಚಿತ್ರವಾಗಿರದೆ ಬರಹವೇ ಆಗಿರಬೇಕು ಎಂದುಕೊಂಡು ಠ_ಠ ಎಂದು ಟೈಪಿಸಿದೆ. ಕನ್ನಡವೆಂಬ ಭಾಷೆಯೊಂದಿದೆ ಎಂದು ಕೇಳಿಯೂ ಇರದ ಜನ ಅಂತರ್ಜಾಲದಲ್ಲಿ ತಮ್ಮ ಅಸಮ್ಮತಿಯನ್ನು ತೋರಿಸಲು ವರ್ಷಗಳಿಂದ ಬಳಸುತ್ತ ಬಂದಿರುವ ಮುಖವಿದು. ಅವರ ಪಾಲಿಗೆ ಅದು ದುರುಗುಟ್ಟಿ ನೋಡುವ ಎರಡು ಕಣ್ಣುಗಳು. ನಮಗೆ ಹಠದ ಠ, ಪಾಠದ ಠ, ಟ-ವರ್ಗದ ಎರಡನೆಯ ಅಕ್ಷರ. ರ-ಕಾರದ ಹೊಟ್ಟೆಯೊಳಗೆ ಒಂದು ಚುಕ್ಕೆ ಇಟ್ಟರೆ ಠ ಆಗುತ್ತದೆ. ಆ ಚುಕ್ಕೆಯೇ ಕಣ್ಣಿನ ಪಾಪೆ, ಮೇಲಿನ ತಲೆಕಟ್ಟೇ ಹುಬ್ಬು. ಬಾಲ್ಯದಲ್ಲಿ ನೂರಾರು ಸಲ ತಿದ್ದಿದ ಅಕ್ಷರವೊಂದು ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿತ್ತು ಎಂಬುದನ್ನು ನನಗೆ ತೋರಿಸಿಕೊಟ್ಟವರು ಕನ್ನಡ ಓದಲು ಬಾರದವರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಮರುದಿನದ ಸ್ಟ್ಯಾಂಡಪ್ಪಿನಲ್ಲಿ, ಅಂದರೆ ತಂಡದ ದಿನನಿತ್ಯದ ಕಿರುಸಭೆಯಲ್ಲಿ, ನಾನು ಇದರ ಮೇಲೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಅವರು ತಮಾಷೆಯ ಮಾತನ್ನು ಗುರುತಿಸಲು :-) ಬಳಸೋಣವೆಂದು ಸೂಚಿಸಿದಾಗ ಕೈಯಲ್ಲಿದ್ದದ್ದು ಕೀಲಿಮಣೆಯ ಕೆಲವೇ ಚಿಹ್ನೆಗಳು, ಆದ್ದರಿಂದ ಆ ನಗುವನ್ನು ಕತ್ತು ವಾಲಿಸಿಯೇ ನೋಡಬೇಕಿತ್ತು, 1991ರಲ್ಲಿ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನ ಮೊದಲ ಆವೃತ್ತಿ ಬಂದು ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾದ ಮೇಲೆ ಠ-ಕ್ಕೆ 3232 ಎಂಬ ಚೆಂದದ ಸಂಖ್ಯೆ ಸಿಕ್ಕಿತು, ಕತ್ತು ನೆಟ್ಟಗಿಟ್ಟುಕೊಂಡೇ ಸಿಡುಕಬಹುದಾದ ಕಾಲ ಬಂತು. ಫ್ರಂಟ್‌ಎಂಡ್ (ಬ್ರೌಸರಿನಲ್ಲಿ ಕಾಣುವ ಭಾಗದ ಕೋಡ್) ನೋಡಿಕೊಳ್ಳುವ ಸಹೋದ್ಯೋಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಇದನ್ನು ಎಸ್‌ವಿಜಿ ಮಾಡಿಬಿಡೋಣವೇ?" ಎಂದರು. ಎಸ್‌ವಿಜಿ ಎಂದರೆ ಗೆರೆಗಳಲ್ಲಿ ಬರೆದ ಚಿತ್ರ. ನಾನು ಒಪ್ಪಲಿಲ್ಲ. ಅಕ್ಷರ ಅಕ್ಷರವಾಗಿಯೇ ಇರಲಿ, ಬಂದವರು ಬೇಕಾದರೆ ಕಾಪಿ ಮಾಡಿಕೊಂಡು ಹೋಗಲಿ ಎಂದು ಹಠ ಹಿಡಿದೆ. ಆ ಹಠದಲ್ಲೂ ಅದೇ ಠ ಇದೆ.

ನಮ್ಮ ತಾಣದ ಫಾಂಟ್ ಬಿಲ್ಡಿನಲ್ಲಿ ಲ್ಯಾಟಿನ್ ಅಕ್ಷರಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಕತ್ತರಿಸಲಾಗುತ್ತದೆ, ಅದರಲ್ಲಿ ಠ ಇರುವುದಿಲ್ಲ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಪಟ್ಟಿಯಲ್ಲಿರುವ ಫಾಂಟುಗಳಲ್ಲಿ ಅಕ್ಷರ ಸಿಗದಿದ್ದರೆ ಬ್ರೌಸರು ಯಂತ್ರದಲ್ಲಿರುವ ಬೇರಾವುದೋ ಫಾಂಟಿನಿಂದ ಅದನ್ನು ಎರವಲು ತರುತ್ತದೆ. ತಂದೇ ತರುತ್ತದೆ ಎಂದು ನಾನು ನಂಬಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ತಂದಿತ್ತು, ಫೋನಿನಲ್ಲೂ ತಂದಿತ್ತು. ಎರಡೂ ಕನ್ನಡ ಓದುವವರ ಯಂತ್ರಗಳು ಎಂಬುದು ಆಗ ತಲೆಗೆ ಬರಲಿಲ್ಲ.

ಡೆಮೊ ನಡೆದದ್ದು ಮೀಟಿಂಗ್ ರೂಮಿನ ದೊಡ್ಡ ಪರದೆಯ ಮೇಲೆ. ಅದರ ಬೆನ್ನಿಗೆ ಅಂಗೈಯಷ್ಟು ಅಗಲದ ಲಿನಕ್ಸ್ ಪೆಟ್ಟಿಗೆಯೊಂದು ಅಂಟಿಕೊಂಡಿರುತ್ತದೆ. ಮುಖಪುಟ, ಹುಡುಕಾಟ, ಚಂದಾ ಪಾವತಿ ಎಲ್ಲವೂ ಸರಾಗವಾಗಿ ಸಾಗಿ, ಗ್ರಾಹಕರ ಕಡೆಯ ಹಿರಿಯರು ಎರಡು ಸಲ ತಲೆಯನ್ನೂ ಆಡಿಸಿದ್ದರು. ಅಲ್ಲಿಗೇ ಮುಗಿಸಬಹುದಿತ್ತು. ನಾನೇ ಮುಂದೆ ಹೋಗಿ, "ಕೊನೆಯದಾಗಿ ಒಂದು ಸಣ್ಣ ತಮಾಷೆ ಇದೆ" ಎಂದು ಹೇಳಿ, ವಿಳಾಸದ ಕೊನೆಗೆ ಮನಸ್ಸಿಗೆ ಬಂದದ್ದನ್ನು ಟೈಪಿಸಿ ಎಂಟರ್ ಒತ್ತಿದೆ.

ಐದಡಿ ಅಗಲದ ಪರದೆಯ ನಡುವೆ, ನಾನೇ ಅಳೆದು ಇಟ್ಟ ಅಂತರಗಳ ನಡುವೆ, ಎರಡು ಖಾಲಿ ಚೌಕಗಳು ಮತ್ತು ಅವನ್ನು ಜೋಡಿಸುವ ಒಂದು ಅಡ್ಡಗೆರೆ ನಿಂತಿದ್ದವು. ನಮ್ಮ ಕಸುಬಿನವರು ಸೋಯಾ ಪನೀರಿನ ಹೆಸರಿನಲ್ಲಿ ಟೋಫು ಎಂದು ಕರೆಯುವ ಚೌಕಗಳು. ತಮಾಷೆ ಇದೆ ಎಂದು ಮೊದಲೇ ಹೇಳಿಬಿಟ್ಟಿದ್ದರಿಂದ ಎಲ್ಲರೂ ಅದಕ್ಕಾಗಿ ಕಾಯುತ್ತಿದ್ದರು.

"ಕ್ಯಾಶ್ ಇರಬೇಕು" ಎಂದೆ, ಅಂದರೆ ಬ್ರೌಸರು ಉಳಿಸಿಕೊಂಡ ಹಳೆಯ ಪ್ರತಿ. ಈ ಕಸುಬಿನಲ್ಲಿ ಏನೂ ತೋಚದಿದ್ದಾಗ ಬಾಯಿಗೆ ತಾನಾಗಿ ಬರುವ ಮಾತು ಅದು. ಹಾರ್ಡ್ ರಿಫ್ರೆಶ್ ಮಾಡಿದೆ, ಚೌಕಗಳು ಕದಲಲಿಲ್ಲ. ಸಿಡಿಎನ್ ಪರ್ಜ್ ಆಗಿದೆಯೇ, ಅಂದರೆ ದೂರದ ಸರ್ವರುಗಳಲ್ಲಿ ಉಳಿದ ಹಳೆಯ ಪ್ರತಿಗಳನ್ನು ಅಳಿಸಿದ್ದಾಗಿದೆಯೇ ಎಂದು ಕೇಳಿದೆ. ಬೆಳಿಗ್ಗೆಯೇ ಆಗಿದೆ ಎಂದರು. ಆಮೇಲೆ ನಾನು ಕೇಳಬಾರದ್ದನ್ನು ಕೇಳಿದೆ: ಕ್ಯಾರೆಕ್ಟರ್ ಎನ್‌ಕೋಡಿಂಗಿನ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿಯ) ಘೋಷಣೆಯನ್ನು ಪುಟದ ಮೊದಲ 1024 ಬೈಟುಗಳ ಒಳಗೇ ಹಾಕಿದ್ದೀರಾ ಎಂದು, ಗ್ರಾಹಕರ ಎದುರಿಗೇ, ತಪ್ಪು ಫ್ರಂಟ್‌ಎಂಡಿನದು ಎಂಬ ಧಾಟಿಯಲ್ಲಿ ಕೇಳಿದೆ. ಸಹೋದ್ಯೋಗಿ ತಲೆಯೆತ್ತಿ ನನ್ನನ್ನು ನೋಡಿದರು. ಪರದೆಯ ಮೇಲೆ ಮೂಡಬೇಕಿದ್ದ ಮುಖ ಚುಕ್ಕೆ, ಹುಬ್ಬುಗಳ ಸಮೇತ ಅವರ ಮುಖದಲ್ಲಿ ಮೂಡಿತ್ತು. "ಎನ್‌ಕೋಡಿಂಗ್ ತಪ್ಪಿದ್ದರೆ ಚೌಕ ಬರುವುದಿಲ್ಲ. ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ ಒಂದು ಠ ಎಂದರೆ ಮೂರು ಬೈಟು. ಅವು ಬೇರೆ ಬೇರೆಯಾಗಿ ಕಲಸುಮೇಲೋಗರವಾಗಿ ಕಾಣುತ್ತಿದ್ದವು. ಆ ಪೆಟ್ಟಿಗೆಯಲ್ಲಿ ಕನ್ನಡ ಫಾಂಟೇ ಇಲ್ಲ, ಅಷ್ಟೆ" ಎಂದರು. ಮೆಲ್ಲಗೆ ಹೇಳಿದರೂ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ನನ್ನ ಬೆರಳು ಆಗಲೂ ರಿಫ್ರೆಶ್ ಒತ್ತುತ್ತಲೇ ಇತ್ತು.

ಮೌನವನ್ನು ಮುರಿದವರು ಗ್ರಾಹಕರ ಕಡೆಯ ಹಿರಿಯರು. "ಓ, ಕನ್ನಡಕವೇ! ಹುಡುಕುತ್ತಿದ್ದಾನೆ, ಸಿಗುತ್ತಿಲ್ಲ. ಚೆನ್ನಾಗಿದೆ" ಎಂದು ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರರು, "ಹೌದು ಸರ್, ಅದೇ ಕಲ್ಪನೆ" ಎಂದುಬಿಟ್ಟರು. ಅವರ ಸಂಬಳ ನನ್ನದಕ್ಕಿಂತ ಯಾಕೆ ಹೆಚ್ಚು ಎಂಬುದು ನನಗೆ ಅರ್ಥವಾದದ್ದು ಆ ಗಳಿಗೆಯಲ್ಲಿ.

ನಿಜವಾಗಿ ಚುಚ್ಚಿದ್ದು ಆ ಸಂಜೆ. ಪ್ರತಿ ಬಿಲ್ಡಿನಲ್ಲೂ ನಮ್ಮಲ್ಲಿ ಸ್ಕ್ರೀನ್‌ಶಾಟ್ ಟೆಸ್ಟ್ ಓಡುತ್ತದೆ, ಬದಲಾದ ಪುಟಗಳ ಡಿಫ್ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಚಿತ್ರ) ವಿನ್ಯಾಸಕರ ಒಪ್ಪಿಗೆಗೆ ಬರುತ್ತದೆ. ಅದು ಓಡುವ ಕಂಟೇನರಿನಲ್ಲೂ, ಅಂದರೆ ಅದಕ್ಕೆಂದೇ ಕಟ್ಟಿದ ಪ್ರತ್ಯೇಕ ಪರಿಸರದಲ್ಲೂ, ಕನ್ನಡ ಫಾಂಟ್ ಇರಲಿಲ್ಲ. ಅಂದರೆ ಆ ಎರಡು ಚೌಕಗಳು ಡೆಮೊಗೆ ಎರಡು ದಿನ ಮೊದಲೇ ನನ್ನ ಮುಂದೆ ಬಂದಿದ್ದವು, ಅರವತ್ತಮೂರು ಚಿತ್ರಗಳಲ್ಲಿ ನಲವತ್ತೊಂದನೆಯದಾಗಿ. ಕೆಳಗೆ ನನ್ನ ಹೆಸರು, ಸಮಯ ಸಂಜೆ 6:52, ಹಸಿರು ಗುರುತು. "ಎಲ್ಲವನ್ನೂ ಒಪ್ಪು" ಎಂಬ ಬಟನ್ನನ್ನು ಅಷ್ಟು ದೊಡ್ಡದಾಗಿ, ಅಷ್ಟು ಹಸಿರಾಗಿ, ಒಂದೊಂದನ್ನೇ ನೋಡುವ ಕೊಂಡಿಯನ್ನು ತಿಳಿ ಬೂದು ಬಣ್ಣದಲ್ಲಿ ಮೂಲೆಗೆ ತಳ್ಳಿದವರ ಮೇಲೆ ನನಗೆ ಸಿಟ್ಟಿದೆ. ಬೇರೆಯವರ ತಾಣಗಳಲ್ಲಿ ನಾನೂ ಅದನ್ನೇ ಮಾಡಿದ್ದೇನೆ ಎಂಬ ಕಾರಣಕ್ಕೆ ಆ ಸಿಟ್ಟನ್ನು ಹೊರಗೆ ಹಾಕುವಂತಿಲ್ಲ. ಈಗ ಕಂಟೇನರಿಗೆ ನೋಟೋ ಫಾಂಟುಗಳನ್ನು ಹಾಕಿದ್ದೇವೆ. ಟೋಫು ಬೇಡ ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದಲೇ ಆ ಹೆಸರು ಬಂದಿರುವುದು. ಡಿಫ್‌ಗಳನ್ನೂ ಒಂದೊಂದಾಗಿಯೇ ನೋಡುತ್ತೇನೆ, ಶುಕ್ರವಾರ ಸಂಜೆಗಳ ಲೆಕ್ಕ ಬೇರೆ.

ಇನ್ನೊಂದು ಸಂಗತಿ ಬಯಲಾದದ್ದು ದೋಷದ ಮೂಲ ಹುಡುಕುವಾಗ. ಸಹೋದ್ಯೋಗಿ ಆ ಮುಖವನ್ನು ಎಲ್ಲ ದೋಷಪುಟಗಳಿಗೂ ಸಲ್ಲುವ ಒಂದೇ ಕಾಂಪೊನೆಂಟ್ ಆಗಿ ಕಟ್ಟಿದ್ದರು. ಹಾಗೆ ಕಟ್ಟುವುದೇ ಸರಿ, ನಾನೇ ಹಾಗೆ ಕೇಳಿದ್ದೆ. ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ಎಚ್‌ಟಿಟಿಪಿಯ ಲೆಕ್ಕದಲ್ಲಿ 4ರಿಂದ ಆರಂಭವಾಗುವ ಸಂಕೇತಗಳು ಕೇಳಿದವರ ತಪ್ಪನ್ನು ಹೇಳಿದರೆ, 5ರಿಂದ ಆರಂಭವಾಗುವವು ನಮ್ಮ ಸರ್ವರಿನ ತಪ್ಪನ್ನು ಹೇಳುತ್ತವೆ. ನನ್ನ ಠ_ಠ ಈ ಭೇದವಿಲ್ಲದೆ 500ರ ಪುಟದಲ್ಲೂ ಕೂತಿತ್ತು, ಪಾವತಿ ವಿಫಲವಾದ ಪುಟದಲ್ಲೂ ಕೂತಿತ್ತು. ಕಟ್ಟಿದ ಹಣ ಎಲ್ಲಿ ಹೋಯಿತೆಂದು ಗಾಬರಿಯಾದವರನ್ನು ನಮ್ಮ ತಾಣ ಹುಬ್ಬು ಗಂಟಿಕ್ಕಿ ನೋಡುತ್ತಿತ್ತು. 404ರಲ್ಲಾದರೂ ಆ ನೋಟಕ್ಕೆ ನ್ಯಾಯವಿತ್ತೇ ಎಂದು ಹಳೆಯ ತಾಣದ ಲಾಗ್ (ಭೇಟಿಗಳ ದಾಖಲೆ) ತೆಗೆದು ನೋಡಿದರೆ, ದಾರಿ ತಪ್ಪಿ ಬಂದವರಲ್ಲಿ ವಿಳಾಸವನ್ನು ತಪ್ಪಾಗಿ ಟೈಪಿಸಿದವರು ಬೆರಳೆಣಿಕೆಯವರು. ಉಳಿದವರೆಲ್ಲ ಹಿಂದಿನ ಮರುವಿನ್ಯಾಸದಲ್ಲಿ ನಾವೇ ಬದಲಿಸಿ, ಹೊಸ ವಿಳಾಸಕ್ಕೆ ಕಳುಹಿಸುವ ರಿಡೈರೆಕ್ಟ್ ಹಾಕಲು ಮರೆತ ಹಳೆಯ ಕೊಂಡಿಗಳನ್ನು ನಂಬಿ ಬಂದವರು. ಒಳ್ಳೆಯ ವಿಳಾಸಗಳು ಬದಲಾಗುವುದಿಲ್ಲ ಎಂದು ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿಟ್ಟಿದ್ದಾರೆ. ಆ ಮುಖವನ್ನು ನಮ್ಮ ಕಡೆಗೆ ತಿರುಗಿಸಿ ಇಡಬೇಕಿತ್ತು.

ಮುಂದಿನ ಸ್ಪ್ರಿಂಟಿನಲ್ಲಿ ಠ-ವನ್ನು ಎಸ್‌ವಿಜಿಯಾಗಿ ಬರೆದು, 404ಕ್ಕೆ ಮಾತ್ರ ಸೀಮಿತಗೊಳಿಸಿ, ಹಳೆಯ ಕೊಂಡಿಗಳ ರಿಡೈರೆಕ್ಟುಗಳನ್ನೂ ಸೇರಿಸಿ ಸ್ಟೇಜಿಂಗಿಗೆ, ಅಂದರೆ ತಾಣದ ಪರೀಕ್ಷಾ ಪ್ರತಿಗೆ, ಕಳುಹಿಸಿದೆವು. ಎರಡು ಗಂಟೆಯೊಳಗೆ ಗ್ರಾಹಕರಿಂದ ಉತ್ತರ ಬಂತು: "ಕನ್ನಡಕ ಎಲ್ಲಿ ಹೋಯಿತು? ಅದೇ ಇರಲಿ." ಎರಡು ಚೌಕಗಳನ್ನೂ ಒಂದು ಅಡ್ಡಗೆರೆಯನ್ನೂ, ಟೋಫುವಿನ ಪ್ರಮಾಣದಲ್ಲೇ, ಸ್ಕೇಲ್ ಹಿಡಿದು ಎಸ್‌ವಿಜಿಯಾಗಿ ಬರೆದುಕೊಟ್ಟೆ. ತಾಣ ಲೈವ್ ಆದಾಗ ಹೋದದ್ದು ಅದೇ. ಕೋಡಿನ ಒಂದು ಕಾಮೆಂಟಿನಲ್ಲಿ ಮಾತ್ರ ಠ-ದ ಸಂಕೇತವಾದ ಠ ಎಂಬುದು ಇನ್ನೂ ಉಳಿದಿದೆ, ಸಹೋದ್ಯೋಗಿ ಅದನ್ನು ಅಳಿಸಿಲ್ಲ.

ಈ ವಾರ ನನ್ನ ಹೆಸರಿಗೆ ಹೊಸ ಟಿಕೆಟ್ ಬಂದಿದೆ: "ಕನ್ನಡಕದ ಫ್ರೇಮು ಸ್ವಲ್ಪ ದಪ್ಪವಾಗಲಿ." ಅದರ ಕೆಳಗೆ ನಾನು ಮೂರೇ ಚಿಹ್ನೆಗಳ ಉತ್ತರ ಬರೆದೆ. ಟಿಕೆಟ್ ನೋಡುವ ಅಷ್ಟೂ ಜನರ ಯಂತ್ರಗಳಲ್ಲಿ ಅದು ಸರಿಯಾಗಿ ಕಾಣಿಸಿದೆಯಂತೆ.