ಹಿತ್ತಾಳೆ ತಟ್ಟೆ ಹುಡುಕಲು ಹೋಗಿ

ಭಾನುವಾರಗಳಂದು ನಾರ್ವೆಯ ಓಸ್ಲೋದ ಬಿರ್ಕೆಲುಂಡನ್ ಪಾರ್ಕಿನಲ್ಲಿ ಹಳೆ ಸಾಮಾನಿನ ಸಂತೆ ಸೇರುತ್ತದೆ. ದೀಪಾವಳಿ ಊಟಕ್ಕೆ ಡ್ರಾಮೆನ್‌ನ ಗೆಳತಿ ಮನೆಗೆ ಹೊರಟವಳು, ಹಣತೆ ಇಡಲು ಹಿತ್ತಾಳೆ ತಟ್ಟೆ ಏನಾದರೂ ಸಿಕ್ಕೀತಾ ಅಂತ ಅಲ್ಲಿ ಇಳಿದೆ. ತಟ್ಟೆ ಸಿಗಲಿಲ್ಲ. ಸಿಡಿಗಳ ಡಬ್ಬದಲ್ಲಿ ಮಾಗ್ನೆ ಫುರುಹೋಲ್ಮೆನ್ ಅನ್ನುವ ಹೆಸರು ಕಂಡಿತು. ಅವರೇ ಹಾಡಿದ 2004ರ ಆಲ್ಬಮ್ ‘ಪಾಸ್ಟ್ ಪರ್ಫೆಕ್ಟ್ ಫ್ಯೂಚರ್ ಟೆನ್ಸ್’. ಬೆಲೆ 10 ಕ್ರೋನರ್.

ಈ ಹೆಸರು ಕೇಳದವರೂ ಅವರ ಕೀಬೋರ್ಡ್ ಕೇಳಿರುತ್ತಾರೆ. 1985ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ‘ಟೇಕ್ ಆನ್ ಮಿ’ ಹಾಡಿನ, ನಾರ್ವೆಯ ಪಾಪ್ ತಂಡ ಆ-ಹಾದ ಹಾಡಿನ, ಆ ಕೀಬೋರ್ಡ್ ರಾಗ ಇವರದೇ. ಹದಿಹರೆಯದಲ್ಲೇ ಕಟ್ಟಿದ್ದು. ಆದರೆ ಆ-ಹಾ ತಂಡದ ಮುಖ್ಯ ಗಾಯಕ ಮೋರ್ಟೆನ್ ಹಾರ್ಕೆಟ್. ಅಂಥ ಏರುದನಿ ಪಕ್ಕದಲ್ಲಿರುವಾಗ ಉಳಿದವರ ದನಿ ಯಾರಿಗೆ ಕೇಳುತ್ತೆ, ಅಲ್ವಾ?

ಕಾರಿನಲ್ಲಿ ಸಿಡಿ ಹಾಕಿದೆ. ಹೊರಗೆ ಆಗಲೇ ಕತ್ತಲು. ಮಾಗ್ನೆಯ ದನಿ ತಗ್ಗಿನದು. ಪಕ್ಕದ ಸೀಟಿನಲ್ಲಿ ಕೂತು ಮಾತಾಡುತ್ತಾ ಮಾತಾಡುತ್ತಾ ಹಾಡಿಗೆ ಹೊರಳಿದ ಹಾಗಿತ್ತು. ಕೋಲ್ಡ್‌ಪ್ಲೇ ತಂಡದ ಗೈ ಬೆರಿಮನ್, ವಿಲ್ ಚಾಂಪಿಯನ್ ಕೂಡ ಇದರಲ್ಲಿ ನುಡಿಸಿದ್ದಾರೆ. ಆದರೂ ಯಾರೂ ಮುಂದೆ ಬಂದು ನಿಲ್ಲುವುದಿಲ್ಲ. ಆ ದನಿಗೆ ಜಾಗ ಬಿಟ್ಟುಕೊಟ್ಟು ನುಡಿಸುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಅದೇ.

ಆಲ್ಬಮ್ಮಿನ ಹೆಸರು ಮತ್ತೆ ಮತ್ತೆ ನೆನಪಾಗುತ್ತಿತ್ತು. ಭೂತಕಾಲ ಇದೆ, ಭವಿಷ್ಯತ್ಕಾಲ ಇದೆ. ವರ್ತಮಾನ ಇಲ್ಲ.

ಡ್ರಾಮೆನ್ ಹತ್ತಿರವಾದಾಗ ಇನ್ನೊಂದು ಸಂಗತಿ ನೆನಪಾಯಿತು. ಮಾಗ್ನೆಯ ತಂದೆ ಟ್ರಂಪೆಟ್ ನುಡಿಸುತ್ತಿದ್ದರು. 1969ರಲ್ಲಿ ಅವರ ತಂಡ ಹೊರಟಿದ್ದ ವಿಮಾನ ಇದೇ ಊರಲ್ಲಿ ಬಿತ್ತು. ತಂದೆ ಉಳಿಯಲಿಲ್ಲ. ಮಗನಿಗೆ ಆಗ 6 ವರ್ಷ. ಮುಂದೆ ಮಾಗ್ನೆ ಜೊತೆ ಆ-ಹಾ ಕಟ್ಟಿದ ಪಾಲ್ ವಾಕ್ತಾರ್, ಚಿಕ್ಕ ಹುಡುಗನಾಗಿದ್ದಾಗ ಆ ವಿಮಾನ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಎಷ್ಟೋ ವರ್ಷಗಳಿಂದ ಗೊತ್ತಿದ್ದ ವಿಷಯ. ಆ ದನಿ ಕೇಳುತ್ತಾ ಆ ಊರೊಳಗೆ ಹೋಗುವಾಗ ಗಂಟಲು ಕಟ್ಟಿತು. ನನ್ನಪ್ಪನಿಗೂ ಒಂದು ಹಾರ್ಮೋನಿಯಂ ಇತ್ತು. ಅವರು ಹೋದ ಮೇಲೆ ಯಾರೂ ಅದನ್ನು ತೆರೆದಿಲ್ಲ.

ಗೆಳತಿ ಮನೆ ಮುಂದೆ ಕಾರು ನಿಲ್ಲಿಸಿ ಸುಮ್ನೆ ಕೂತಿದ್ದೆ. ಅವಳು ಹೊರಗೆ ಬಂದು ಗಾಜು ತಟ್ಟಿದಳು.

“ಬಾರೇ, ಹೋಳಿಗೆ ಆರಿಹೋಗುತ್ತೆ.”

“ಈ ಹಾಡು ಮುಗೀಲಿ ಕಣೇ.”

ಅವಳು ಆ ಕಡೆಯಿಂದ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಳು.