ಮೆರವಣಿಗೆಗೆ ರನ್‌ಶೀಟ್ ಇರುವುದಿಲ್ಲ

ಬೆಳಗಾವಿಯಲ್ಲಿ ಕಾರ್ಯಕ್ರಮ ನಿರ್ವಹಣೆಯ ವೃತ್ತಿಯಲ್ಲಿ ನುರಿತವರು ನವೆಂಬರ್ 1ರ ಸಂಜೆ ನಗರದ ನಡುಭಾಗದಲ್ಲಿ ಕೆಲಸ ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಅಕ್ಟೋಬರ್ 31ರ ಮಧ್ಯರಾತ್ರಿಗೇ ಚನ್ನಮ್ಮ ವೃತ್ತದಲ್ಲಿ ಹಬ್ಬ ಶುರುವಾಗಿರುತ್ತದೆ. ಬೆಳಿಗ್ಗೆ ಧ್ವಜಾರೋಹಣ, ಅದು ಮುಗಿಯುತ್ತಲೇ ರೂಪಕಗಳ ಮೆರವಣಿಗೆ, ಇಳಿಹೊತ್ತಿಗೆ ಸುತ್ತಲಿನ ತಾಲ್ಲೂಕುಗಳಿಂದ ಹಳದಿ-ಕೆಂಪು ಶಾಲು ಹೊದ್ದು ಬರುವ ಯುವಕರು, ಅವರ ಹಿಂದೆ ಡಿಜೆ ವಾಹನಗಳ ಸಾಲು. ಇಷ್ಟು ಜನ ಇಲ್ಲಿ ಬೀದಿಗಿಳಿಯುವುದಕ್ಕೆ ಗಡಿವಿವಾದವೂ ಒಂದು ಕಾರಣ. ಅದೇ ದಿನವನ್ನು ಕರಾಳ ದಿನವೆಂದು ಆಚರಿಸುವವರೂ ಇದೇ ಊರಿನಲ್ಲಿರುವುದರಿಂದ ಬಂದೋಬಸ್ತ್ ಬಿಗಿಯಾಗಿರುತ್ತದೆ. ಯಾವ ರಸ್ತೆ ಯಾವಾಗ ಮುಚ್ಚುತ್ತದೆ ಎಂಬುದು ಮುಚ್ಚಿದ ಮೇಲೆಯೇ ತಿಳಿಯುತ್ತದೆ. ಇದೆಲ್ಲ ಗೊತ್ತಿದ್ದೂ ನಮ್ಮ ಮಾಲೀಕರು 2025ರಲ್ಲಿ, ಹೊರದೇಶಗಳಲ್ಲಿ ನೆಲೆಸಿರುವ ಈ ಭಾಗದವರ ಬಳಗವೊಂದಕ್ಕೆ, ರಾಜ್ಯೋತ್ಸವದ ಸಂಜೆಯೇ ಕಾಲೇಜು ರಸ್ತೆಯ ಸಭಾಂಗಣವೊಂದರಲ್ಲಿ ಹೈಬ್ರಿಡ್ ಕಾರ್ಯಕ್ರಮ (ಸಭಾಂಗಣದಲ್ಲೂ ಆನ್‌ಲೈನ್‌ನಲ್ಲೂ ಒಟ್ಟಿಗೆ ನಡೆಯುವಂಥದ್ದು) ಮಾಡಿಕೊಡುವುದಾಗಿ ಮಾತು ಕೊಟ್ಟರು.

ಕೊಟೇಶನ್‌ನಲ್ಲಿ ವೇದಿಕೆ, ಬೆಳಕು, ಧ್ವನಿ, ಹೋಳಿಗೆ ಊಟ ಎಲ್ಲಕ್ಕೂ ಪ್ರತ್ಯೇಕ ಸಾಲುಗಳಿದ್ದವು. ಆನ್‌ಲೈನ್ ಭಾಗ ಮಾತ್ರ ‘ಇತರೆ’ ಎಂಬ ಸಾಲಿನಲ್ಲಿ ಜನರೇಟರಿನ ಡೀಸೆಲ್ ಜೊತೆ ಸೇರಿಕೊಂಡಿತ್ತು. ಕ್ಯಾಮೆರಾ ಇಟ್ಟು ಲೈವ್ ಮಾಡಿದರಾಯಿತು, ಅದಕ್ಕೆಂದು ಬೇರೆ ಸಿಬ್ಬಂದಿ ಏಕೆ ಎಂಬುದು ಆಡಳಿತದವರ ನಿಲುವು. ಅದನ್ನು ನಾನು ಗಟ್ಟಿಯಾಗಿ ವಿರೋಧಿಸಲಿಲ್ಲ, ಏಕೆಂದರೆ ನನ್ನ ಲೆಕ್ಕಾಚಾರವೂ ಹೆಚ್ಚುಕಡಿಮೆ ಅದೇ ಆಗಿತ್ತು. ಸಂಜೆ 7ಕ್ಕೆ ಆರಂಭವೆಂದರೆ ದುಬೈನಲ್ಲಿ 5.30, ಲಂಡನ್ನಿನಲ್ಲಿ ಮಧ್ಯಾಹ್ನ 1.30, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9.30, ಶನಿವಾರವಾದ್ದರಿಂದ ಅಲ್ಲೆಲ್ಲ ರಜೆಯೂ ಹೌದು. ರನ್‌ಶೀಟಿನಲ್ಲಿ, ಅಂದರೆ ಯಾವುದು ಎಷ್ಟು ಹೊತ್ತಿಗೆ ಎಂಬ ಪಟ್ಟಿಯಲ್ಲಿ, ಮೊದಲಿಗೆ ನಾಡಗೀತೆ, ಸರ್ಕಾರ ನಿಗದಿಪಡಿಸಿದ ಧಾಟಿಯಲ್ಲಿ ಎರಡೂವರೆ ನಿಮಿಷ. ಅದರ ಬೆನ್ನಿಗೇ ಡೊಳ್ಳು ಕುಣಿತ. ಡೊಳ್ಳಿನ ತಂಡದವರು ಹಗಲಿಡೀ ಮೆರವಣಿಗೆಯಲ್ಲೇ ಇರುವವರು. ವೇಷ ಕಟ್ಟಿಕೊಂಡು ಊರೊಳಗೇ ಇರುತ್ತಾರೆ, ಹೊರಗಿನಿಂದ ಕರೆಸುವ ತಂಡದಂತೆ ದಾರಿಯಲ್ಲಿ ಸಿಲುಕಿಕೊಳ್ಳುವ ಭಯವಿಲ್ಲ ಎಂದು ನಾನೇ ಅವರನ್ನು ಗೊತ್ತುಮಾಡಿದ್ದೆ.

6.30ಕ್ಕೆ ಅವರ ಮುಖ್ಯಸ್ಥರು ಕರೆ ಮಾಡಿದಾಗ ಹಿನ್ನೆಲೆಯ ಡಿಜೆ ಸದ್ದಿನಲ್ಲಿ ನನಗೆ ಕೇಳಿಸಿದ್ದು ‘ವೃತ್ತ’ ಎಂಬ ಒಂದೇ ಪದ. ವೃತ್ತದಿಂದ ಸಭಾಂಗಣಕ್ಕೆ ನಡೆದು ಬರಬಹುದಾದ ದೂರ. ಆದರೆ ಹೆಗಲ ಮೇಲೆ ಡೊಳ್ಳು ಹೊತ್ತವನಿಗೆ ಆ ಜನಜಂಗುಳಿಯಲ್ಲಿ ಹತ್ತು ಹೆಜ್ಜೆಯೂ ದೂರವೇ. 7 ಗಂಟೆಗೆ ನಾಡಗೀತೆ ಮುಗಿಯಿತು, ನಿರೂಪಕಿ ಡೊಳ್ಳಿನ ತಂಡವನ್ನು ಆಹ್ವಾನಿಸಿದಳು, ವೇದಿಕೆ ಖಾಲಿ ಉಳಿಯಿತು. ಆಕೆ ಎರಡು ನಿಮಿಷ ಸಮರ್ಥವಾಗಿಯೇ ಮಾತಾಡಿದಳು. 1956ರ ಏಕೀಕರಣ, 1973ರ ನಾಮಕರಣ ಎಲ್ಲವೂ ಬಂದುಹೋದವು. ಸಭಾಂಗಣದ ಜನ ಇದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಮೆರವಣಿಗೆಯ ದಿನ ತಡವಾಗುವುದು ಸಹಜವೆಂದು ಅವರಿಗೆ ಗೊತ್ತು, ಮೇಲಾಗಿ ಹೊರಗಿನ ಸದ್ದು ಅವರ ಕಿವಿಗೂ ಬೀಳುತ್ತಿತ್ತು. ಧ್ವನಿ ನಿರ್ವಾಹಕನಂತೂ ಯಾರನ್ನೂ ಕೇಳದೆ ಕನ್ನಡಾಭಿಮಾನದ ಚಿತ್ರಗೀತೆಗಳನ್ನು ಒಂದರ ಹಿಂದೊಂದು ಹಾಕತೊಡಗಿದ. ಜನ ಎದ್ದು ಕುಣಿದರು. ಅಪಾಯ ಕಳೆಯಿತೆಂದು ನಾನು ನಿಟ್ಟುಸಿರು ಬಿಟ್ಟದ್ದು ಆಗಲೇ, ಮತ್ತು ಆ ಸಂಜೆಯ ನಿಜವಾದ ಅಪಾಯ ಆರಂಭವಾದದ್ದೂ ಆಗಲೇ.

ಸಭಾಂಗಣದ ಧ್ವನಿಯನ್ನು ಹೊಂದಿಸುವ ಮಿಕ್ಸರಿನಿಂದ ಬರುವ ಫೀಡ್ ನೇರವಾಗಿ ಎನ್‌ಕೋಡರಿಗೆ, ಅಂದರೆ ಯೂಟ್ಯೂಬಿಗೆ ನೇರಪ್ರಸಾರ ಕಳುಹಿಸುವ ಸಾಧನಕ್ಕೆ, ಹೋಗುತ್ತಿತ್ತು. ಸಭಾಂಗಣದಲ್ಲಿ ಹಾಡು ಹಾಕಲು ಪಡೆದ ಪರವಾನಗಿ ನೇರಪ್ರಸಾರಕ್ಕೆ ಸಲ್ಲುವುದಿಲ್ಲ, ಯೂಟ್ಯೂಬಿನ ಯಂತ್ರವೂ ರಾಜ್ಯೋತ್ಸವವೆಂದು ರಿಯಾಯಿತಿ ತೋರಿಸುವುದಿಲ್ಲ. ಮೊದಲು ಹಕ್ಕುಸ್ವಾಮ್ಯದ ಎಚ್ಚರಿಕೆ, ನಮ್ಮ ಚಿತ್ರದ ಜಾಗದಲ್ಲಿ ಒಂದು ಸ್ಥಿರಚಿತ್ರ, ನಾವು ಹಾಡು ನಿಲ್ಲಿಸುವಷ್ಟರಲ್ಲಿ ಪ್ರಸಾರವೇ ಸ್ಥಗಿತ. ತಕ್ಷಣ ಹೊಸ ಚಾನೆಲ್ ತೆರೆಯೋಣವೆಂದರೆ ಅದರಲ್ಲಿ ಲೈವ್ ಸೌಲಭ್ಯ ಸಿಗಲು 24 ಗಂಟೆಯವರೆಗೆ ಕಾಯಬೇಕು. ಮರುದಿನದ ಆನ್‌ಲೈನ್ ಅಂತ್ಯಾಕ್ಷರಿಗೆಂದು ತೆಗೆದಿಟ್ಟಿದ್ದ ಜೂಮ್ ಕೊಂಡಿಯನ್ನೇ ಬಳಸಲು ನಿರ್ಧರಿಸಿದೆವು. ಆದರೆ ಆ ಕೊಂಡಿ ವೀಕ್ಷಕರಿಗೆ ತಲುಪಬೇಕಲ್ಲ! ಹೊರಗೆ ಅಷ್ಟೂ ಜನ ಏಕಕಾಲಕ್ಕೆ ವಿಡಿಯೊ ಕಳುಹಿಸುತ್ತಿರುವಾಗ ನನ್ನ ಫೋನಿನ ವಾಟ್ಸಾಪ್ ಸಂದೇಶದ ಪಕ್ಕದಲ್ಲಿ ಗಡಿಯಾರದ ಗುರುತು ಅಲ್ಲಾಡಲಿಲ್ಲ. ಸಭಾಂಗಣದ ಫೈಬರ್ ಸಂಪರ್ಕ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಅತಿಥಿಗಳು ಅಪ್‌ಲೋಡ್ ವೇಗವನ್ನು ತಿಂದುಹಾಕಬಾರದೆಂದು ಮಧ್ಯಾಹ್ನ ನಾನೇ ವೈಫೈ ಬಂದ್ ಮಾಡಿಸಿ, ರೂಟರನ್ನು ಎನ್‌ಕೋಡರಿಗೆ ಮಾತ್ರ ಮೀಸಲಿಡಿಸಿದ್ದೆ. ಅದನ್ನು ಮತ್ತೆ ತೆರೆಯಬೇಕಾದ ಹುಡುಗ ಊಟದ ಸಾಲಿನಲ್ಲಿದ್ದ. ಬಳಗದ ಗುಂಪಿನಲ್ಲಿ ಸಂದೇಶ ಹಾಕುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇತ್ತು. ಇಲ್ಲಿದ್ದ ಏಕೈಕ ಅಡ್ಮಿನ್ ಆ ಹೊತ್ತಿಗೆ ವೇದಿಕೆಯ ಮೇಲೆ ಸ್ವಾಗತ ಭಾಷಣಕ್ಕೆ ನಿಂತಿದ್ದರು. ಅವರ ಭಾಷಣವನ್ನು ನಡುವೆ ನಿಲ್ಲಿಸಿ ಫೋನ್ ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಗಣ್ಯರ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದಾಗ ಅಲ್ಲಿ ನ್ಯೂಜೆರ್ಸಿಯಲ್ಲಿ ಸೀರೆಯುಟ್ಟು, ಮಕ್ಕಳಿಗೆ ಶಾಲು ಹೊದಿಸಿ ಕುಳಿತಿದ್ದ ಕುಟುಂಬಗಳು ಕಪ್ಪು ಪರದೆಯನ್ನು ನೋಡುತ್ತಿದ್ದವು.

ಡೊಳ್ಳಿನವರು 8 ಗಂಟೆ ಸಮೀಪಿಸುವಾಗ ಬೆವರಿನಲ್ಲಿ ಮಿಂದು ಒಳಬಂದು, ದಣಿವಿನ ಸುಳಿವೂ ಇಲ್ಲದಂತೆ ಬಾರಿಸಿದರು. ಸಭಾಂಗಣದಲ್ಲಿ ಇಂದಿಗೂ ಜನ ನೆನೆಯುವುದು ಅದನ್ನೇ. ಜೂಮ್‌ಗೆ ಬಂದು ತಲುಪಿದವರಿಗೆ ಮಾತ್ರ ಅದು ಕೇಳಿಸಿದ್ದು ತುಂಡುತುಂಡಾಗಿ, ಏಕೆಂದರೆ ಜೂಮ್‌ನ ಶಬ್ದಶೋಧಕವು ಡೊಳ್ಳಿನ ನಾದವನ್ನೂ ಹಿನ್ನೆಲೆಯ ಕಿರಿಕಿರಿಯೆಂದೇ ಎಣಿಸಿ ಕತ್ತರಿಸುತ್ತಿತ್ತು. ಸಂಗೀತಕ್ಕಾಗಿ ಮೂಲಧ್ವನಿಯ ಆಯ್ಕೆಯನ್ನು ಬದಲಾಯಿಸಬೇಕೆಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಭಾನುವಾರದ ಎಡವಟ್ಟು ಚಿಕ್ಕದು, ಆದರೆ ನಗು ತರಿಸುವಂಥದ್ದು. ಎರಡೂ ದಿನಗಳ ಆಮಂತ್ರಣದಲ್ಲಿ ನ್ಯೂಜೆರ್ಸಿಗೆ ಬೆಳಿಗ್ಗೆ 9.30 ಎಂದೇ ಮುದ್ರಿಸಿದ್ದೆವು. ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, 2025ರಲ್ಲಿ ಅದು ನವೆಂಬರ್ 2. ನಮ್ಮ ಸಂಜೆ 7 ಗಂಟೆ ಅಂದು ಅಲ್ಲಿ 8.30 ಆಗಿತ್ತು. ಅವರು ಆಮಂತ್ರಣ ನೋಡಿಕೊಂಡು ನಿಷ್ಠೆಯಿಂದ ಬಂದಾಗ ಅಂತ್ಯಾಕ್ಷರಿಯ ಬಹುಮಾನ ಘೋಷಣೆ ನಡೆದಿತ್ತು. ಲಂಡನ್ನಿನ ಗಡಿಯಾರ ಅಕ್ಟೋಬರ್ 26ರಂದೇ ಬದಲಾಗಿತ್ತು, ದುಬೈಗೆ ಈ ಪದ್ಧತಿಯೇ ಇಲ್ಲ. ಹಾಗಾಗಿ ಅವರಿಂದ ತಕರಾರು ಬರಲಿಲ್ಲ. ಆ ಮೊದಲ ಭಾನುವಾರ ಪ್ರತಿವರ್ಷವೂ ನವೆಂಬರ್ 1ರಿಂದ 7ರ ನಡುವೆಯೇ ಬೀಳುವುದರಿಂದ ರಾಜ್ಯೋತ್ಸವದ ವಾರ ಕಾರ್ಯಕ್ರಮ ಮಾಡುವವರಿಗೆ ಇದು ತಪ್ಪದ ಗಂಡಾಂತರ. ಈಗ ಆಮಂತ್ರಣದಲ್ಲಿ ಭಾರತೀಯ ಕಾಲಮಾನವನ್ನಷ್ಟೇ ಬರೆಯುತ್ತೇವೆ. ಉಳಿದದ್ದನ್ನು ಕ್ಯಾಲೆಂಡರ್ ಆಹ್ವಾನವೇ ಆಯಾ ಊರಿನ ಸಮಯಕ್ಕೆ ಬದಲಾಯಿಸಿ ತೋರಿಸುತ್ತದೆ.

ಒಂದೇ ರನ್‌ಶೀಟಿನಲ್ಲಿ ಸಭಾಂಗಣದವರನ್ನೂ ಆನ್‌ಲೈನ್ ವೀಕ್ಷಕರನ್ನೂ ಕೂರಿಸಬಹುದೆಂಬ ನಂಬಿಕೆಯನ್ನು ನಾನು ಕೈಬಿಟ್ಟಿದ್ದೇನೆ. ಸಭಾಂಗಣದಲ್ಲಿರುವವನು ತಡವಾದರೆ ಪಕ್ಕದವನೊಡನೆ ಹರಟುತ್ತಾನೆ, ಹೊರಗೆ ಹೋಗಿ ಚಹಾ ಕುಡಿದು ಬರುತ್ತಾನೆ. ಪರದೆಯ ಮುಂದಿರುವವನಿಗೆ ಆ ಎರಡೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಸಂದರ್ಭದಲ್ಲಿ ಇಂಥದ್ದೇ ಕೆಲಸ ಬಂದಾಗ ಆನ್‌ಲೈನ್‌ಗೆಂದು ಬೇರೆ ನಿರೂಪಕ, ಜಾತ್ರೆಯ ಗದ್ದಲದಿಂದ ದೂರದ ಮನೆಯೊಂದರಲ್ಲಿ ಬೇರೆ ಫೀಡ್, ಗುಂಪಿಗೆ ನಮ್ಮವರೇ ಒಬ್ಬ ಅಡ್ಮಿನ್ ಇರಲೇಬೇಕೆಂದು ಹಟ ಹಿಡಿದೆ. ಆಡಳಿತದವರು ಗೊಣಗಿಕೊಂಡೇ ಒಪ್ಪಿದರು. ನಂದಿಕೋಲು ಮೆರವಣಿಗೆಯ ನೇರಪ್ರಸಾರವನ್ನು ನಂಬಿ ಕೂರದೆ, ಕಲಾವಿದರ ಪ್ರದರ್ಶನವನ್ನು ಮೊದಲೇ ಚಿತ್ರೀಕರಿಸಿ ನಿಗದಿತ ಹೊತ್ತಿಗೆ ತೋರಿಸಿದೆವು. ದಾಖಲಿಸಿದ್ದನ್ನು ನೋಡಲು ರಜೆಯ ದಿನ ಒಟ್ಟುಗೂಡಬೇಕೇ ಎಂದು ಕೆಲವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿದೆ. ಮುಂದಿನ ಸಲ ಪ್ರದರ್ಶನ ದಾಖಲಾಗಿದ್ದರೂ ಅದು ಮುಗಿದ ಕೂಡಲೇ ಕಲಾವಿದರನ್ನು ಪರದೆಗೆ ಕರೆತಂದು ವೀಕ್ಷಕರೊಡನೆ ಮಾತಾಡಿಸುವ ಏರ್ಪಾಡು ಮಾಡುತ್ತಿದ್ದೇನೆ. ಅದಕ್ಕೆ ಆ ಕಲಾವಿದರು ಮೆರವಣಿಗೆಯ ದಿನ ಊರಲ್ಲಿರದೆ ಬೇರೆಡೆ ಕೂರಲು ಒಪ್ಪಬೇಕು. ಈವರೆಗೆ ಒಬ್ಬರೂ ಒಪ್ಪಿಲ್ಲ.